ಗಲ್ಫಿಗೆ ಹೊರಟಿದ್ದೀರಾ? ದುಡ್ಡು ಕೊಡುವ ಮೊದಲು ವೀಸಾ ಯಾವುದೆಂದು ನೋಡಿ

ನಮ್ಮ ಕಾಸರಗೋಡಿನ ಉಪ್ಪಳ, ಕುಂಬಳೆ, ಬದಿಯಡ್ಕ ಕಡೆ "ವೀಸಾ ಬಂತು" ಅಂದರೆ ಮನೆಯವರಿಗೆಲ್ಲ ಖುಷಿ. ಯಾವ ವೀಸಾ ಅಂತ ಕೇಳುವವರು ಮಾತ್ರ ಕಡಿಮೆ. ಭಾವನ ಗೆಳೆಯರು ಕಳಿಸಿದ್ದು, ಮಾವನ ಕಂಪನಿಯವರು ಕೊಟ್ಟದ್ದು ಅಂತ ನಂಬಿ ಹೊರಟುಬಿಡುತ್ತೇವೆ. ಕಳಿಸಿದವರು ಒಳ್ಳೆಯವರೇ ಇರಬಹುದು. ಆದರೂ ವೀಸಾ ಯಾರ ಹೆಸರಿನಿಂದ ಬಂದಿದೆ, ಅದರಲ್ಲಿ ಯಾವ ಕೆಲಸ ಬರೆದಿದೆ ಅಂತ ಒಂದು ರೂಪಾಯಿ ಕೊಡುವ ಮೊದಲೇ ನೋಡಲೇಬೇಕು. ಅಲ್ಲಿ ನಿಮ್ಮ ಸಂಬಳ, ರಜೆ, ಕೆಲಸ ಬದಲಿಸುವ ಹಕ್ಕು ಎಲ್ಲವೂ ಅದರ ಮೇಲೆಯೇ ನಿಂತಿರುತ್ತದೆ.

ನಮ್ಮವರು ಜಾಸ್ತಿ ಹೋಗುವುದು ಯುಎಇಗೆ ಅಲ್ವಾ, ಅಲ್ಲಿಂದಲೇ ಶುರು ಮಾಡೋಣ. ಅಲ್ಲಿ ಸರಿಯಾದ ದಾರಿ ಹೀಗಿದೆ. ಮೊದಲು ಕಂಪನಿ ಆಫರ್ ಲೆಟರ್ ಕೊಡುತ್ತದೆ, ನೀವು ಸಹಿ ಹಾಕುತ್ತೀರಿ, ಅದು ಅಲ್ಲಿನ ಕಾರ್ಮಿಕ ಸಚಿವಾಲಯಕ್ಕೆ (ಎಲ್ಲರೂ ಮೊಹ್ರೆ ಅನ್ನುತ್ತಾರೆ) ಹೋಗುತ್ತದೆ, ಆಮೇಲೆ ಕೆಲಸದ ಎಂಟ್ರಿ ಪರ್ಮಿಟ್ ಬರುತ್ತದೆ. ಅಲ್ಲಿ ಇಳಿದ ಮೇಲೆ 60 ದಿನದೊಳಗೆ ಮೆಡಿಕಲ್, ಎಮಿರೇಟ್ಸ್ ಐಡಿ (ಅಲ್ಲಿನ ಗುರುತಿನ ಚೀಟಿ), ರೆಸಿಡೆನ್ಸಿ (ಅಲ್ಲಿ ವಾಸಿಸುವ ಪರವಾನಗಿ) ಎಲ್ಲ ಆಗಬೇಕು. ಸಾಮಾನ್ಯವಾಗಿ ಈ ರೆಸಿಡೆನ್ಸಿ 2 ವರ್ಷದ್ದು. ಆಫರ್ ಲೆಟರ್ ಅರೇಬಿಕ್ ಮತ್ತು ಇಂಗ್ಲಿಷಿನ ಜೊತೆ ನಿಮಗೆ ಗೊತ್ತಿರುವ ಇನ್ನೊಂದು ಭಾಷೆಯಲ್ಲಿ ಸಿಗಬೇಕು ಎಂಬ ನಿಯಮವಿದೆ. ಆ ಪಟ್ಟಿಯಲ್ಲಿ ಕನ್ನಡ ಇಲ್ಲ, ಆದರೆ ಮಲಯಾಳಂ ಇದೆ. ಕಾಸರಗೋಡಿನ ಕನ್ನಡ ಮೀಡಿಯಂ ಹುಡುಗರಿಗೂ ಮಲಯಾಳಂ ಓದಿಸುವವರು ಪಕ್ಕದ ಮನೆಯಲ್ಲೇ ಸಿಗುತ್ತಾರೆ. ಹಾಗಾಗಿ ಅದನ್ನು ಕೇಳಿ ತೆಗೆದುಕೊಳ್ಳಿ, ಕೂತು ಓದಿ. ಬೇಸಿಕ್ ಸಂಬಳ ಎಷ್ಟು, ಅಲೋವನ್ಸ್ ಎಷ್ಟು ಅಂತ ಬೇರೆ ಬೇರೆ ನೋಡಿ, ಯಾಕೆಂದರೆ ಕೆಲಸ ಬಿಡುವಾಗ ಸಿಗುವ ಗ್ರಾಚುಯಿಟಿ ಬೇಸಿಕ್ ಮೇಲೆ ಮಾತ್ರ ಲೆಕ್ಕ. ಪ್ರೊಬೇಷನ್ 6 ತಿಂಗಳಿಗಿಂತ ಜಾಸ್ತಿ ಇಡುವ ಹಾಗಿಲ್ಲ. ವೀಸಾ ಖರ್ಚನ್ನು ನಿಮ್ಮಿಂದ ವಸೂಲಿ ಮಾಡುವುದು, ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಎರಡೂ ಅಲ್ಲಿನ ಕಾನೂನಿಗೆ ವಿರುದ್ಧ.

ಗಂಡನ ಅಥವಾ ಅಪ್ಪನ ವೀಸಾದಲ್ಲಿ ಅಲ್ಲಿರುವವರು ಕೆಲಸಕ್ಕೆ ಸೇರಬೇಕಾದರೆ ರೆಸಿಡೆನ್ಸಿ ಬದಲಿಸಬೇಕಾಗಿಲ್ಲ, ಕಂಪನಿ ಕೆಲಸದ ಪರ್ಮಿಟ್ ಮಾತ್ರ ಮಾಡಿಸಿದರೆ ಸಾಕು. ಪಾರ್ಟ್ ಟೈಮಿಗೆ, ಫ್ರೀಲಾನ್ಸಿಗೆ ಬೇರೆ ಬೇರೆ ಪರ್ಮಿಟ್ ಇವೆ. ಡಿಗ್ರಿ ಇದ್ದು ಒಳ್ಳೆಯ ಸಂಬಳ ಇರುವವರಿಗೆ 5 ವರ್ಷದ ಗ್ರೀನ್ ವೀಸಾ ಸಿಗುತ್ತದೆ, ಅದಕ್ಕೆ ಕಂಪನಿಯ ಸ್ಪಾನ್ಸರ್ ಬೇಡ. ಕೆಲಸ ಹುಡುಕಲೆಂದೇ 60, 90, 120 ದಿನದ ವೀಸಾಗಳೂ ಇವೆ, ಇದು ಡಿಗ್ರಿಯವರಿಗೆ. ಆದರೆ ವಿಸಿಟ್ ವೀಸಾದಲ್ಲಿ ಹೋಗಿ ಕೆಲಸಕ್ಕೆ ನಿಲ್ಲಬೇಡಿ. ಹಾಗೆ ಕೆಲಸ ಮಾಡಿಸುವವರಿಗೆ 2024ರಿಂದ ದಂಡ 1 ಲಕ್ಷದಿಂದ 10 ಲಕ್ಷ ದಿರ್ಹಂವರೆಗೆ ಇದೆ. ಸಿಕ್ಕಿಬಿದ್ದ ದಿನ "ಇವನು ಯಾರೋ ಗೊತ್ತಿಲ್ಲ" ಅನ್ನುವುದು ಅವರಿಗೆ ಸುಲಭ. ಕಾಗದ ಇಲ್ಲದ ನಿಮಗೆ ಸಂಬಳ ಕೇಳುವುದೇ ಕಷ್ಟವಾಗುತ್ತದೆ.

ಈಗ ಫ್ರೀ ವೀಸಾದ ವಿಷಯ. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ನಮ್ಮಲ್ಲಿ ಜಮೀನು ಅಡವಿಟ್ಟು, ಅಕ್ಕನ ಚಿನ್ನ ಬ್ಯಾಂಕಿನಲ್ಲಿಟ್ಟು ಇದನ್ನೇ ಕೊಳ್ಳುತ್ತಾರೆ. ಗಲ್ಫಿನ ಯಾವ ದೇಶದ ಕಾನೂನಿನಲ್ಲೂ ಇಂಥ ವೀಸಾ ಇಲ್ಲ. ಯಾರೋ ಒಬ್ಬ ಕಫೀಲ್ (ವೀಸಾದ ಸ್ಪಾನ್ಸರ್) ತನ್ನ ಹೆಸರಿನಲ್ಲಿ ವೀಸಾ ತೆಗೆದು ಮಾರುತ್ತಾನೆ, ನೀವು ಹೊರಗೆ ಎಲ್ಲೋ ದುಡಿಯುತ್ತೀರಿ, ವರ್ಷ ವರ್ಷ ಅವನಿಗೆ ದುಡ್ಡು ಕೊಡುತ್ತೀರಿ. ಕಾಗದದ ಪ್ರಕಾರ ನೀವು ಅವನ ಕೆಲಸದವರು, ಬೇರೆ ಕಡೆ ಕೆಲಸ ಮಾಡುವುದು ಅಪರಾಧ. ಅವನು ಮುನಿಸಿಕೊಂಡು, ನೀವು ಓಡಿಹೋದಿರಿ ಎಂದು ದೂರು ಕೊಟ್ಟರೆ ಮುಗಿಯಿತು. ಸೌದಿಯಲ್ಲಿ ಇದಕ್ಕೆ ಹುರೂಬ್ ಅನ್ನುತ್ತಾರೆ, ಹುರೂಬ್ ಬಿದ್ದವರು ಊರಿಗೆ ಬರಲೂ ಪರದಾಡುತ್ತಾರೆ. ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಕೊಡಿ ಅಂತ ಯಾರ ಹತ್ತಿರ ಕೇಳುವುದು? ದಯವಿಟ್ಟು ಇದನ್ನು ಕೊಳ್ಳಬೇಡಿ.

ಸೌದಿಯಲ್ಲಿ 2021ರ ಮಾರ್ಚಿನಿಂದ, ಕಂಪನಿ ವೀಸಾದವರು ಒಂದು ವರ್ಷ ಕಳೆದ ಮೇಲೆ ಮಾಲೀಕರ ಒಪ್ಪಿಗೆ ಇಲ್ಲದೆಯೂ ಕೆಲಸ ಬದಲಿಸಬಹುದು. ಹೌಸ್ ಡ್ರೈವರ್, ಮನೆಗೆಲಸ, ತೋಟದ ಕೆಲಸದ ವೀಸಾದವರಿಗೆ ಈ ಅನುಕೂಲ ಇಲ್ಲ. ಆದ್ದರಿಂದ "ಸದ್ಯಕ್ಕೆ ಹೌಸ್ ಡ್ರೈವರಾಗಿ ಬಾ, ಆಮೇಲೆ ಕಂಪನಿಗೆ ಹಾಕೋಣ" ಎಂಬ ಮಾತಿಗೆ ತಲೆಯಾಡಿಸುವ ಮೊದಲು ಯೋಚಿಸಿ. ಕುವೈತಿನಲ್ಲೂ ಹೀಗೇ: 18ನೇ ನಂಬರಿನದು ಕಂಪನಿ ವೀಸಾ, 20 ಅಂದರೆ ಮನೆಗೆಲಸದ್ದು, 20ರಿಂದ 18ಕ್ಕೆ ಸುಲಭಕ್ಕೆ ಹೋಗಲಾಗದು. ಕತಾರ್ ಸ್ವಲ್ಪ ವಾಸಿ. ಅಲ್ಲಿ ಎನ್‌ಒಸಿ ಪದ್ಧತಿಯನ್ನು (ಕೆಲಸ ಬದಲಿಸಲು ಹಳೇ ಮಾಲೀಕರ ಒಪ್ಪಿಗೆ ಪತ್ರ ತರುವುದು) 2020ರಲ್ಲಿ ತೆಗೆದುಹಾಕಿದರು, 2021ರ ಮಾರ್ಚಿನಿಂದ ತಿಂಗಳಿಗೆ ಕನಿಷ್ಠ 1000 ರಿಯಾಲ್ ಸಂಬಳ ಕಡ್ಡಾಯ, ಊಟ ವಸತಿ ಕೊಡದಿದ್ದರೆ ಅದಕ್ಕೆ ಬೇರೆ ದುಡ್ಡು. ಮೆಡಿಕಲ್, ಬೆರಳಚ್ಚು, ಕಾಂಟ್ರಾಕ್ಟ್ ಸಹಿ ಎಲ್ಲ ಕೊಚ್ಚಿಯ ಕತಾರ್ ವೀಸಾ ಸೆಂಟರಿನಲ್ಲೇ ಮುಗಿಯುವುದರಿಂದ ವಿಮಾನ ಹತ್ತುವ ಮೊದಲೇ ನಿಮಗೆ ಎಲ್ಲ ಗೊತ್ತಿರುತ್ತದೆ.

ಇನ್ನು ನಮ್ಮ ಕಡೆಯ ಕಾಗದಪತ್ರ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ಹೊರದೇಶದ ಕೆಲಸಕ್ಕೆ ಸರ್ಕಾರದ ಅನುಮತಿ ಬೇಕಾದದ್ದು) ಆಗಿರುತ್ತದೆ. ಅಂಥವರು ಕೆಲಸಕ್ಕೆ ಗಲ್ಫಿನ ಆರೂ ದೇಶ ಸೇರಿ 18 ದೇಶಗಳಿಗೆ ಹೋಗಲು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಸೈಟಿನ ಮೂಲಕ ಎಮಿಗ್ರೇಷನ್ ಕ್ಲಿಯರೆನ್ಸ್ (ಆ ಅನುಮತಿ) ಪಡೆಯಬೇಕು. ಇದನ್ನು ತಪ್ಪಿಸಲು ಏಜೆಂಟರು ವಿಸಿಟ್ ವೀಸಾದಲ್ಲಿ ಸಾಗಿಸಲು ನೋಡುತ್ತಾರೆ, ಒಪ್ಪಬೇಡಿ. ಕ್ಲಿಯರೆನ್ಸ್ ಜೊತೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಮಾಡಿಸಬೇಕು. 2 ವರ್ಷಕ್ಕೆ 275 ರೂಪಾಯಿ ಕಟ್ಟಿದರೆ ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷದ ವಿಮೆ. ಏಜೆಂಟರು ನೋಂದಣಿ ಆದವರೇ ಅಂತ ಇ-ಮೈಗ್ರೇಟ್ ಸೈಟಿನಲ್ಲೇ ಹುಡುಕಬಹುದು. ಅವರು ಕಾನೂನು ಪ್ರಕಾರ ತೆಗೆದುಕೊಳ್ಳಬಹುದಾದ ಫೀಸು ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ರಸೀದಿ ಕೇಳಿ. ಒಂದೂವರೆ ಲಕ್ಷ ಕೇಳುವವರು ಯಾವ ಲೆಕ್ಕದಲ್ಲಿ ಕೇಳುತ್ತಾರೆ ಅಂತ ಮುಖ ನೋಡಿಯೇ ಕೇಳಿ.

ಗಡಿಯವರಿಗೆ ಒಂದು ತೊಂದರೆ ಜಾಸ್ತಿ. ಎಸ್ಸೆಸೆಲ್ಸಿ ಕೇರಳದ್ದು, ಡಿಗ್ರಿ ಮಂಗಳೂರಿನದ್ದು ಆಗಿರುತ್ತದೆ. ಕೇರಳದ ಸರ್ಟಿಫಿಕೇಟಿಗೆ ಕೇರಳದಲ್ಲಿ ನೋರ್ಕಾ (ಹೊರದೇಶದಲ್ಲಿರುವ ಕೇರಳದವರಿಗಾಗಿ ಇರುವ ಸರ್ಕಾರಿ ಸಂಸ್ಥೆ) ಮೂಲಕ ಅಟೆಸ್ಟೇಷನ್ (ಅಸಲಿ ಎಂಬ ದೃಢೀಕರಣ) ಮಾಡಿಸಬಹುದು, ಕರ್ನಾಟಕದ ಡಿಗ್ರಿಗೆ ಕರ್ನಾಟಕ ಸರ್ಕಾರದ ಮುದ್ರೆ ಬೇಕು. ಆಮೇಲೆ ವಿದೇಶಾಂಗ ಇಲಾಖೆ, ಕೊನೆಗೆ ರಾಯಭಾರ ಕಚೇರಿ. ಸೌದಿಗಾದರೆ ವಿದೇಶಾಂಗ ಇಲಾಖೆಯ ಅಪೋಸ್ಟಿಲ್ ಮುದ್ರೆ ಸಾಕು, ಯುಎಇಗೆ ರಾಯಭಾರ ಕಚೇರಿಯ ಮುದ್ರೆಯೇ ಬೇಕು. ಇದಕ್ಕೆಲ್ಲ ಸಮಯ ಹಿಡಿಯುತ್ತದೆ, ಆಫರ್ ಬರುವವರೆಗೆ ಕಾಯದೆ ಶುರು ಮಾಡಿ. ಹೆಸರೂ ನೋಡಿಕೊಳ್ಳಿ: ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಮೊದಲೇ ಸರಿಪಡಿಸಿ.

ನರ್ಸ್ ಕೆಲಸಕ್ಕೆ ಹೊರಟಿರುವ ತಂಗಿಯರು ಖಾಸಗಿ ಏಜೆಂಟರಿಗಿಂತ ಮೊದಲು ನೋರ್ಕಾ ಮತ್ತು ಒಡೆಪೆಕ್ ವಿಚಾರಿಸಿ, ಎರಡೂ ಕೇರಳ ಸರ್ಕಾರದ್ದು. ನೋರ್ಕಾದ ಟ್ರಿಪಲ್ ವಿನ್ ಯೋಜನೆಯಲ್ಲಿ ಜರ್ಮನಿಗೆ ಹೋಗಲು ಫೀಸಿಲ್ಲ, ಜರ್ಮನ್ ಭಾಷೆಯನ್ನೂ ಕಲಿಸುತ್ತಾರೆ.

ಹೋದ ಮೇಲೆ ಕಾಂಟ್ರಾಕ್ಟ್, ವೀಸಾ, ಪಾಸ್‌ಪೋರ್ಟಿನ ಫೋಟೋ ತೆಗೆದು ಮನೆಗೆ ಕಳಿಸಿಡಿ. ನೋರ್ಕಾದ ಪ್ರವಾಸಿ (ಅಂದರೆ ಹೊರದೇಶದಲ್ಲಿರುವವರ) ಐಡಿ ಕಾರ್ಡ್, ಕೇರಳ ಪ್ರವಾಸಿ ಕ್ಷೇಮನಿಧಿಯ ಸದಸ್ಯತ್ವ ಎರಡನ್ನೂ ಮಾಡಿಸಿ. ಕನ್ನಡದವರಿಗೆ ಇದೆಲ್ಲ ಸಿಗುವುದಿಲ್ಲ ಅಂದುಕೊಳ್ಳಬೇಡಿ. ಕಾಸರಗೋಡಿನವರಾದ ನಿಮಗೂ ಅದೇ ಹಕ್ಕಿದೆ. ಕ್ಷೇಮನಿಧಿಯಲ್ಲಿ ತಿಂಗಳು ತಿಂಗಳು ಕಂತು ಕಟ್ಟಿದರೆ 60 ವರ್ಷದ ನಂತರ ಪಿಂಚಣಿ ಬರುತ್ತದೆ, ಸೇರುವುದಾದರೆ 60 ತುಂಬುವ ಮೊದಲೇ ಸೇರಬೇಕು.