ನಾಡಿ ಲಯ ತಪ್ಪುತ್ತಿದೆಯಾ? ನೋಡಿಕೊಳ್ಳುವುದು ಹೀಗೆ

ನಾನು ಶಿಡ್ಲಘಟ್ಟದಲ್ಲಿ ನರ್ಸ್. ರೇಷ್ಮೆ ಗೂಡು ಮಾರೋಕೆ ಬಂದವರು ಹಾಗೇ ಬಿಪಿ ನೋಡಿಸಿಕೊಂಡು ಹೋಗುತ್ತಾರೆ. ನಾಡಿ ನೋಡಿ ಅಂತ ಮಾತ್ರ ಯಾರೂ ಕೇಳಲ್ಲ. ನಾನೇ ಕೈ ಹಿಡಿಯುತ್ತೇನೆ.

ನೀವೂ ನೋಡಿಕೊಳ್ಳಬಹುದು. ಐದು ನಿಮಿಷ ಸುಮ್ನೆ ಕೂತ್ಕೊಳ್ಳಿ. ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ, ತೋರುಬೆರಳು ಮತ್ತು ನಡುಬೆರಳು ಇಡಿ. ಹೆಬ್ಬೆರಳಿನಿಂದ ಒತ್ತಬೇಡಿ, ಅದಕ್ಕೇ ಒಂದು ಬಡಿತ ಇರುತ್ತದೆ. ಪೂರ್ತಿ ಒಂದು ನಿಮಿಷ ನೋಡಿ. ಎರಡು ಬೇಗ, ಒಂದು ತಡ, ಇನ್ನೊಂದು ಮೆತ್ತಗೆ, ಹೀಗೆ ಲೆಕ್ಕಕ್ಕೇ ಸಿಗದಿದ್ದರೆ ಇಸಿಜಿ ಮಾಡಿಸಿ. ಏಟ್ರಿಯಲ್ ಫಿಬ್ರಿಲೇಷನ್ ಇರಬಹುದು. ಅದರಲ್ಲಿ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಹಿಂಡದೆ ಅದುರುತ್ತವೆ. ಅಲ್ಲಿ ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಹೋದರೆ ಲಕ್ವ. ಆ ಅಪಾಯ ಸುಮಾರು 5 ಪಟ್ಟು ಜಾಸ್ತಿ.

ಯಾರು ನೋಡಿಕೊಳ್ಳಬೇಕು? 65 ದಾಟಿದವರು. ಬಿಪಿ ಇರುವವರು, ಅದರಲ್ಲೂ ‘ತಲೆ ಸುತ್ತುತ್ತಿಲ್ವಲ್ಲ’ ಅಂತ ಮಾತ್ರೆ ಬಿಟ್ಟವರು. ಸಕ್ಕರೆ ಕಾಯಿಲೆ, ಹೆಚ್ಚು ತೂಕ, ಬೀಡಿ, ಕುಡಿತ, ಜಾಸ್ತಿ ಕೆಲಸ ಮಾಡುವ ಥೈರಾಯ್ಡ್ ಇವೂ ಸೇರುತ್ತವೆ. ಗೊರಕೆ ಮಧ್ಯೆ ಉಸಿರು ನಿಲ್ಲುತ್ತಾ? ಪಕ್ಕದಲ್ಲಿ ಮಲಗುವವರನ್ನೇ ಕೇಳಿ, ನಿಮಗೆ ಗೊತ್ತಾಗಲ್ಲ ಅಲ್ವಾ! ಚಿಕ್ಕಂದಿನಲ್ಲಿ ಗಂಟಲು ನೋವು, ಆಮೇಲೆ ಕೀಲುನೋವಿನ ಜ್ವರ ಬಂದು ಹೃದಯದ ಕವಾಟ ಕೆಟ್ಟವರಿಗೆ ಮೂವತ್ತರಲ್ಲೇ ಇದು ಬರಬಹುದು.

ಬಾಯಿ ಸೊಟ್ಟಗಾಯಿತು, ಮಾತು ತೊದಲಿತು ಅಂದರೆ ನಾಡಿ ಎಣಿಸುತ್ತಾ ಕೂರಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.