ಒಣಗಣ್ಣಿಗೆ ಸ್ಕ್ಲೀರಲ್ ಲೆನ್ಸ್: ಸುರಂಗದ ನೀರನ್ನು ದೂರವಿಡಿ

ಕಣ್ಣಿನಿಂದ ಸದಾ ನೀರಿಳಿಯುವವರಿಗೆ ವೈದ್ಯರು ‘ಇದು ಒಣಗಣ್ಣು’ ಎಂದರೆ ಸುಲಭವಾಗಿ ನಂಬಿಕೆ ಬರುವುದಿಲ್ಲ. ಕಣ್ಣೀರಿನ ಮೇಲೆ ತೆಳುವಾದ ಎಣ್ಣೆಯ ಪದರವೊಂದಿದ್ದು, ರೆಪ್ಪೆಯಂಚಿನ ಮೈಬೋಮಿಯನ್ ಗ್ರಂಥಿಗಳು ಕಟ್ಟಿಕೊಂಡು ಆ ಎಣ್ಣೆ ಒಸರದಿದ್ದರೆ ಕಣ್ಣೀರು ಬೇಗನೆ ಆರುತ್ತದೆ. ಆಗ ಉಂಟಾಗುವ ಉರಿಗೆ ಕಣ್ಣು ಮತ್ತಷ್ಟು ನೀರು ಸುರಿಸುತ್ತದೆ. ಆದುದರಿಂದ ಆಟಿ ತಿಂಗಳ ಜಡಿಮಳೆಯಲ್ಲೂ ಕಾಸರಗೋಡಿನವರ ಕಣ್ಣು ಒಣಗಬಹುದು.

ಮೊದಲು ರೆಪ್ಪೆಯನ್ನು ಸರಿಪಡಿಸಿಕೊಳ್ಳಬೇಕು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು, ಚರ್ಮ ಸುಡದಷ್ಟು ಹದದಲ್ಲಿ, ಮುಚ್ಚಿದ ಕಣ್ಣಿನ ಮೇಲೆ ಸುಮಾರು 10 ನಿಮಿಷ ಇಡಿ. ಆರಿದಂತೆ ಮತ್ತೆ ಬಿಸಿ ಮಾಡಿಕೊಳ್ಳಿ. ಬಳಿಕ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿಯೂ ಕೆಳಗಿನದನ್ನು ಮೇಲ್ಮುಖವಾಗಿಯೂ ಮೃದುವಾಗಿ ನೀವಬೇಕು. ಇದರ ಗುಣ ಕಾಣಲು ಕೆಲವು ವಾರಗಳೇ ಬೇಕು. ಕೃತಕ ಕಣ್ಣೀರಿನ ಹನಿಗಳನ್ನು ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಬಾರಿ ಹಾಕಬೇಕಾದವರು ಪ್ರಿಸರ್ವೇಟಿವ್ (ಕೆಡದಂತೆ ಬೆರೆಸುವ ರಾಸಾಯನಿಕ) ಇಲ್ಲದ ಹನಿಗಳನ್ನೇ ಕೇಳಿ ಪಡೆಯುವುದು ಒಳ್ಳೆಯದು. ಅಡಿಕೆ ಸುಲಿಯುವಾಗ, ತೋಟಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವಾಗ ರಕ್ಷಣಾ ಕನ್ನಡಕ ಧರಿಸಿ. ನಂದಿಬಟ್ಟಲಿನ ರಸವನ್ನೋ ಮೊಲೆಹಾಲನ್ನೋ ಕಣ್ಣಿಗೆ ಹಿಂಡುವ ಹಳೆಯ ರೂಢಿಯ ಬಗ್ಗೆ ಹಿರಿಯರ ಮೇಲಿನ ಗೌರವವಿಟ್ಟುಕೊಂಡೇ ಹೇಳಬೇಕು: ಅದು ಬೇಡ.

ಇಷ್ಟಕ್ಕೂ ಬಗ್ಗದ ತೀವ್ರ ಒಣಗಣ್ಣಿಗೆ, ಹಾಗೆಯೇ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ಕೆರಟೊಕೋನಸ್‌ಗೆ, ವೈದ್ಯರು ಸ್ಕ್ಲೀರಲ್ ಲೆನ್ಸ್ ಸೂಚಿಸುವುದುಂಟು. ಈ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಕಾರ್ನಿಯಾವನ್ನು ಮುಟ್ಟದೆ ಕಣ್ಣಿನ ಬಿಳಿಭಾಗದ ಮೇಲೆ ಕುಳಿತುಕೊಳ್ಳುತ್ತದೆ. ಅದರೊಳಗೆ ತುಂಬಿದ ಸಲೈನ್ (ಶುದ್ಧ ಉಪ್ಪುನೀರಿನ ದ್ರಾವಣ) ಕಾರ್ನಿಯಾವನ್ನು ದಿನವಿಡೀ ತೇವವಾಗಿಡುತ್ತದೆ.

ಹಾಕಿಕೊಳ್ಳುವಾಗ ಮೇಜಿನ ಮೇಲೆ ಕನ್ನಡಿಯನ್ನು ಮಲಗಿಸಿ, ಮುಖವನ್ನು ನೆಲಕ್ಕೆ ಸಮಾನಾಂತರವಾಗಿ ಬಾಗಿಸಬೇಕು. ಲೆನ್ಸಿನ ಬಟ್ಟಲಿಗೆ ಪ್ರಿಸರ್ವೇಟಿವ್ ಇಲ್ಲದ, ಕಣ್ಣಿಗೆಂದೇ ವೈದ್ಯರು ಬರೆದುಕೊಟ್ಟ ಸಲೈನನ್ನು ಅಂಚಿನವರೆಗೆ ತುಂಬಿ, ಎರಡೂ ರೆಪ್ಪೆಗಳನ್ನು ಅಗಲಿಸಿ, ನೇರವಾಗಿ ಮೇಲಕ್ಕೆ ಒತ್ತಬೇಕು. ಒಳಗೆ ಗಾಳಿಗುಳ್ಳೆ ಕಂಡರೆ ತೆಗೆದು ಮತ್ತೆ ತುಂಬಿ. ಮೊದಲ ವಾರ ಹೀಗೆ ಹಲವು ಬಾರಿ ಆಗುವುದು ಸಹಜ. ತೆಗೆಯುವಾಗ ಒದ್ದೆ ಮಾಡಿದ ರಬ್ಬರ್ ಹೀರುಬಟ್ಟಲನ್ನು ಲೆನ್ಸಿನ ನಡುವಿಗಲ್ಲ, ಕೆಳಗಿನ ಅಂಚಿನ ಬಳಿ ಅಂಟಿಸಿ, ಅಂಚನ್ನು ಮೊದಲು ಎಬ್ಬಿಸಿ. ಲೆನ್ಸ್ ಕಣ್ಣಿನಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳದೆ ಹೀರುಬಟ್ಟಲನ್ನು ಒತ್ತಿದರೆ ಕಾರ್ನಿಯಾಕ್ಕೇ ಗಾಯವಾದೀತು.

ನಮ್ಮ ಕಡೆಯವರು ಹೆಚ್ಚು ಎಚ್ಚರ ವಹಿಸಬೇಕಾದುದು ನೀರಿನ ವಿಷಯದಲ್ಲಿ. ಬಾಯಾರು, ಎಣ್ಮಕಜೆ ಕಡೆಯ ಗುಡ್ಡಗಳ ಮುರಕಲ್ಲನ್ನು ಅಡ್ಡಲಾಗಿ ಕೊರೆದ ಸುರಂಗಗಳ ನೀರು ಎಷ್ಟು ತಿಳಿಯಾಗಿದ್ದರೂ, ಕುಡಿಯಲು ಎಷ್ಟು ರುಚಿಯಾಗಿದ್ದರೂ, ಅದನ್ನು ಲೆನ್ಸಿಗೆ ತಾಗಿಸಬಾರದು. ಬಾವಿಯ ನೀರು, ನಳ್ಳಿಯ ನೀರು, ಕುದಿಸಿ ಆರಿಸಿದ ನೀರು, ಎಂಜಲು ಯಾವುದೂ ಆಗದು. ಮಣ್ಣಿನಲ್ಲೂ ನೀರಿನಲ್ಲೂ ಬದುಕುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಲೆನ್ಸಿನ ಮೂಲಕ ಕಾರ್ನಿಯಾ ಸೇರಿದರೆ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ, ದೃಷ್ಟಿಯೂ ಹೋಗಬಹುದು. 1980ರ ದಶಕದಲ್ಲಿ ಅಮೆರಿಕದಲ್ಲಿ, ಉಪ್ಪಿನ ಮಾತ್ರೆ ಕರಗಿಸಿ ಮನೆಯಲ್ಲೇ ಸಲೈನ್ ಮಾಡಿಕೊಂಡವರಲ್ಲಿ ಈ ಸೋಂಕು ಎದ್ದುಕಂಡಿತ್ತು. ಕೈಯನ್ನು ಸೋಪು ಹಚ್ಚಿ ಬಾವಿನೀರಿನಲ್ಲಿ ತೊಳೆಯಬಹುದು, ಆದರೆ ನೂಲೇಳದ ಬಟ್ಟೆಯಲ್ಲಿ ಪೂರ್ತಿ ಒರೆಸಿಕೊಂಡ ಮೇಲೆಯೇ ಲೆನ್ಸ್ ಮುಟ್ಟಬೇಕು. ಸ್ನಾನಕ್ಕೂ ಕೆರೆಯ ಈಜಿಗೂ ಮುನ್ನ ಲೆನ್ಸ್ ತೆಗೆದಿಡಿ. ಲೆನ್ಸ್ ಇಡುವ ಡಬ್ಬಿಯ ಹಳೆಯ ದ್ರಾವಣಕ್ಕೆ ಹೊಸದನ್ನು ಬೆರೆಸದೆ ಪ್ರತಿದಿನ ಪೂರ್ತಿ ಚೆಲ್ಲಿ, ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆ ಬದಲಾಯಿಸಿ.

ಲೆನ್ಸಿಗಾಗಿ ಮಂಗಳೂರಿಗೆ ಹೋಗಿಬರುವವರು ತುರ್ತಿಗೆ ಊರಿನ ಹತ್ತಿರ ಯಾವ ಕಣ್ಣಿನ ವೈದ್ಯರನ್ನು ಕಾಣುವುದೆಂದು ಮೊದಲೇ ತಿಳಿದಿಟ್ಟುಕೊಳ್ಳಬೇಕು. ಕಣ್ಣು ಕೆಂಪೇರಿ ನೋವು ಬಂದರೆ, ಬೆಳಕು ಚುಚ್ಚಿದರೆ ಅಥವಾ ದೃಷ್ಟಿ ಮಬ್ಬಾದರೆ, ಲೆನ್ಸ್ ತೆಗೆದು ಅದೇ ದಿನ ಅವರ ಬಳಿಗೆ ಹೋಗಿ. ಲೆನ್ಸನ್ನೂ ಡಬ್ಬಿಯನ್ನೂ ತೊಳೆಯದೆ, ಇದ್ದ ಹಾಗೆಯೇ ಒಯ್ಯಿರಿ. ಸೋಂಕು ಯಾವುದೆಂದು ಪತ್ತೆಹಚ್ಚಲು ಅವೂ ಬೇಕಾಗಬಹುದು.