ನಿಲ್ಲಿಸಿದ ಗಾಡಿಯ ಮೇಲೆ ಹೆಲ್ಮೆಟ್ ಉಳಿಯಬೇಕಾದರೆ

ವಿಜಯಪುರದ ಗಾಂಧಿ ಚೌಕದಿಂದ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆಯ ಕಡೆಗೆ ಸಂಜೆ ಹೊತ್ತಿನಲ್ಲಿ ನಡೆದುಹೋದರೆ, ಸಾಲಾಗಿ ಹಚ್ಚಿದ ಗಾಡಿಗಳ ಮೇಲೆ ಹೆಲ್ಮೆಟ್‌ಗಳು ನಾನಾ ಬಗೆಯಲ್ಲಿ ಕುಳಿತಿರುವುದು ಕಾಣುತ್ತದೆ. ಕೆಲವು ಮಿರರ್‌ಗೆ ಸಿಕ್ಕಿಸಿದವು, ಕೆಲವು ಪೆಟ್ರೋಲ್ ಟ್ಯಾಂಕಿನ ಮೇಲೆ ಬೋರಲು ಹಾಕಿದವು, ಕೆಲವು ಹ್ಯಾಂಡಲ್‌ಗೆ ಪಟ್ಟಿಯಿಂದ ಜೋತುಬಿದ್ದವು. ಬೀಗ ಹಾಕಿದವು ಕಡಿಮೆ. ಹಾಕಿದವರಲ್ಲಿಯೂ ಹೆಚ್ಚಿನವರು ಹೆಲ್ಮೆಟ್‌ನ ಪಟ್ಟಿಗೆ ಬೀಗ ಹಾಕಿರುತ್ತಾರೆಯೇ ಹೊರತು ಹೆಲ್ಮೆಟ್‌ಗೆ ಹಾಕಿರುವುದಿಲ್ಲ. ಈ ಎರಡರ ನಡುವಿನ ವ್ಯತ್ಯಾಸವನ್ನು ಅರಿತುಕೊಂಡರೆ ಮುಂದಿನ ಕೆಲಸ ಸುಲಭ.

ಹೆಲ್ಮೆಟ್ ಕಳುವಾದಾಗ ಹೋಗುವುದು ಅದರ ಬೆಲೆಯಷ್ಟೇ ಅಲ್ಲ, ಮನೆಗೆ ಮರಳುವ ದಾರಿಯನ್ನು ಬರಿತಲೆಯಲ್ಲಿ ಕ್ರಮಿಸಬೇಕಾಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಸವಾರ ಮತ್ತು ಹಿಂಬದಿ ಸವಾರರಿಬ್ಬರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದೆ. ತಪ್ಪಿದರೆ 1000 ರೂಪಾಯಿ ದಂಡ ಮತ್ತು 3 ತಿಂಗಳು ಲೈಸೆನ್ಸ್ ಅನರ್ಹತೆ ಎಂದು 2019ರ ತಿದ್ದುಪಡಿ ಹೇಳುತ್ತದೆ. ಕರ್ನಾಟಕದಲ್ಲಿ ಆ ದಂಡದ ಮೊತ್ತವನ್ನು ಅದೇ ವರ್ಷ 500 ರೂಪಾಯಿಗೆ ಇಳಿಸಲಾಯಿತು. ಹಿಂಬದಿ ಸವಾರರ ಹೆಲ್ಮೆಟ್ ನಿಯಮವನ್ನು ನಮ್ಮ ರಾಜ್ಯ 2016ರ ಜನವರಿಯಲ್ಲಿಯೇ ಜಾರಿಗೆ ತಂದಿತ್ತು. ಹೀಗಾಗಿ ಗಂಡ ಹೆಂಡತಿ ಬಜಾರಕ್ಕೆ ಬಂದಾಗ ಒಂದು ಗಾಡಿಗೆ ಎರಡು ಹೆಲ್ಮೆಟ್ ಕಟ್ಟಿಡಬೇಕಾಗುತ್ತದೆ. ಅಂಗಡಿಯಿಂದ ಅಂಗಡಿಗೆ ಎರಡನ್ನೂ ಕೈಯಲ್ಲಿ ಹಿಡಿದು ತಿರುಗುವುದು ಆಗದ ಮಾತು.

ಗಾಡಿಯಲ್ಲಿಯೇ ಇರುವ ಕೊಂಡಿ

ಹೊಸದಾಗಿ ಏನನ್ನಾದರೂ ಕೊಳ್ಳುವ ಮೊದಲು ನಿಮ್ಮ ಗಾಡಿಯಲ್ಲಿ ಕಂಪನಿಯವರೇ ಕೊಟ್ಟ ಹೆಲ್ಮೆಟ್ ಕೊಂಡಿ ಇದೆಯೇ ಎಂದು ನೋಡಿ. ಅನೇಕ ಬೈಕುಗಳಲ್ಲಿ ಸೀಟಿನ ಎಡಬದಿಯಲ್ಲಿ, ಗಾಡಿಯ ಕೀಲಿಯಿಂದಲೇ ತೆರೆಯುವ ಚಿಕ್ಕ ಕೊಂಡಿ ಇರುತ್ತದೆ. ಇನ್ನು ಕೆಲವುಗಳಲ್ಲಿ ಸೀಟನ್ನು ಎತ್ತಿದಾಗ ಚಾಸಿಯ ಅಂಚಿನಲ್ಲಿ ಒಂದೋ ಎರಡೋ ಮೊಳೆಯಂಥ ಕೊಕ್ಕೆಗಳು ಕಾಣುತ್ತವೆ. ಅವುಗಳಿಗೆ ಪಟ್ಟಿಯ ಬಳೆಯನ್ನು ಸಿಕ್ಕಿಸಿ ಸೀಟು ಮುಚ್ಚಿದರೆ ಬೀಗ ಬಿದ್ದಂತೆ. ಗಾಡಿ ಕೊಂಡು ವರ್ಷಗಳಾದರೂ ಇದನ್ನು ಗಮನಿಸದವರು ಬಹಳ ಮಂದಿ, ಏಕೆಂದರೆ ಸೀಟು ಎತ್ತುವ ಕೆಲಸ ಸಾಮಾನ್ಯವಾಗಿ ಬ್ಯಾಟರಿ ಕೆಟ್ಟಾಗ ಮೆಕ್ಯಾನಿಕ್‌ನ ಪಾಲಿಗೆ ಬರುತ್ತದೆ.

ಈ ಕೊಂಡಿಗಳು ಎರಡು ಲೋಹದ ಬಳೆಗಳಿರುವ ಪಟ್ಟಿಗೆಂದೇ ಮಾಡಿದವು. ನಮ್ಮಲ್ಲಿ ಮಾರಾಟವಾಗುವ ಹೆಲ್ಮೆಟ್‌ಗಳಲ್ಲಿ ಬಹುಪಾಲಿಗೆ ಅಂಥ ಬಳೆಗಳಿಲ್ಲ, ಟಕ್ಕೆಂದು ಕೂರುವ ಬಕಲ್ ಇರುತ್ತದೆ. ಅಂಥ ಪಟ್ಟಿಯನ್ನು ಕೊಕ್ಕೆಯ ಸುತ್ತ ಬಳಸಿ ಬಕಲ್ ಹಾಕಿ ಸೀಟು ಮುಚ್ಚಿದರೆ ಭದ್ರವಾದಂತೆ ಕಾಣುತ್ತದೆ. ಆದರೆ ಆ ಬಕಲ್‌ನ ಕೆಂಪು ಗುಂಡಿಯನ್ನು ನೀವು ಒತ್ತಿದರೂ ಬಿಚ್ಚುತ್ತದೆ, ದಾರಿಹೋಕ ಒತ್ತಿದರೂ ಬಿಚ್ಚುತ್ತದೆ. ಬಕಲ್‌ನ ಹೆಲ್ಮೆಟ್ ಇರುವವರು ಕಂಪನಿಯ ಕೊಂಡಿಯನ್ನು ಹೆಲ್ಮೆಟ್ ಕೆಳಗೆ ಬೀಳದಂತೆ ತೂಗುಹಾಕುವ ಗೂಟವೆಂದು ಮಾತ್ರ ಎಣಿಸಬೇಕು.

ಲೋಹದ ಬಳೆಯಿದ್ದರೂ ಪಟ್ಟಿಯ ಮಿತಿ ಮುಗಿಯುವುದಿಲ್ಲ. ಅದು ನೈಲಾನ್ ಅಥವಾ ಪಾಲಿಯೆಸ್ಟರ್ ನೇಯ್ಗೆ. ಎಳೆದರೆ ಮನುಷ್ಯನ ಭಾರವನ್ನು ತಡೆಯುತ್ತದೆ, ತರಕಾರಿ ಹೆಚ್ಚುವ ಚಾಕುವಿಗೆ ಮಾತ್ರ ಕ್ಷಣಮಾತ್ರ ನಿಲ್ಲುವುದಿಲ್ಲ. ಪಟ್ಟಿ ಕತ್ತರಿಸಿದ ಹೆಲ್ಮೆಟ್ ಕದ್ದವನಿಗೆ ಅಷ್ಟೇನೂ ಪ್ರಯೋಜನವಿಲ್ಲ ಎಂದು ವಾದಿಸಬಹುದು. ಆದರೆ ಮುಂದಿನ ಚೌಕದಲ್ಲಿ ಪೊಲೀಸರು ನಿಂತಿದ್ದಾರೆಂಬ ಕಾರಣಕ್ಕೆ ಕೈಗೆ ಸಿಕ್ಕ ಹೆಲ್ಮೆಟ್ ಎತ್ತಿಕೊಳ್ಳುವವನಿಗೆ ಪಟ್ಟಿಯ ಚಿಂತೆ ಇರುವುದಿಲ್ಲ.

ತಂತಿ ಬೀಗದ ಆಯ್ಕೆ

ಫುಲ್ ಫೇಸ್ ಹೆಲ್ಮೆಟ್‌ನಲ್ಲಿ ಕತ್ತರಿಸಲಾಗದ ಭಾಗವೆಂದರೆ ಗದ್ದದ ಮುಂದೆ ಬರುವ ಕಮಾನು. ಅದು ಹೊರಚಿಪ್ಪಿನದೇ ಅಂಗ. ಗಾಜಿನ ಕಿಂಡಿಯೊಳಗೆ ತೂರಿಸಿದ ತಂತಿಯನ್ನು ಕೆಳಗಿನ ಕುತ್ತಿಗೆಯ ಬಾಯಿಂದ ಹೊರಗೆಳೆದರೆ ತಂತಿ ಆ ಕಮಾನನ್ನು ಸುತ್ತಿಕೊಳ್ಳುತ್ತದೆ. ತಂತಿಯನ್ನು ಕಡಿಯಬೇಕು, ಇಲ್ಲವೇ ಹೆಲ್ಮೆಟ್ ಒಡೆಯಬೇಕು.

ಇದಕ್ಕೆ ಪ್ಲಾಸ್ಟಿಕ್ ಹೊದಿಕೆಯ ಉಕ್ಕಿನ ಹುರಿ ಬೇಕು. ಹೊದಿಕೆ ಇಲ್ಲದ ತಂತಿ ಹೆಲ್ಮೆಟ್‌ನ ಬಣ್ಣವನ್ನೂ ಗಾಜಿನ ಅಂಚಿನ ರಬ್ಬರನ್ನೂ ಕೆರೆಯುತ್ತದೆ. ಡಬ್ಬಿಯಿಂದ ಎಳೆದು ತೆಗೆಯುವ ತೆಳ್ಳನೆಯ ತಂತಿಯ ಬೀಗಗಳು ನೋಡಲು ಚೆಂದ, ಕಿಸೆಯಲ್ಲಿಯೂ ಕೂರುತ್ತವೆ, ಆದರೆ ಅವುಗಳ ಹುರಿ ಸಾಮಾನ್ಯ ಇಕ್ಕಳಕ್ಕೇ ತುಂಡಾಗುತ್ತದೆ. ಹತ್ತು ಹನ್ನೆರಡು ಮಿಲಿಮೀಟರ್ ದಪ್ಪದ ಹುರಿ ಗಟ್ಟಿ, ಆದರೆ ಅದನ್ನು ದಿನವೂ ಹೊತ್ತು ತಿರುಗುವ ತಾಳ್ಮೆ ಯಾರಿಗೂ ಉಳಿಯುವುದಿಲ್ಲ. 5ರಿಂದ 6 ಮಿಲಿಮೀಟರ್ ದಪ್ಪದ್ದು ದಿನಬಳಕೆಗೆ ಸರಿಯಾದ ನಡುದಾರಿ ಎಂಬುದು ನನ್ನ ಅಭಿಪ್ರಾಯ. ಒಂದು ಹೆಲ್ಮೆಟ್‌ಗೆ ಮುಕ್ಕಾಲು ಮೀಟರ್ ಉದ್ದ ಸಾಕು. ಎರಡಕ್ಕೆ 120 ಸೆಂಟಿಮೀಟರ್‌ನಷ್ಟು ಇರಲಿ. ಅದಕ್ಕಿಂತ ಉದ್ದವಾದರೆ ಸಡಿಲ ಉಳಿದು, ಹೆಲ್ಮೆಟ್ ಚಕ್ರದವರೆಗೆ ಜಾರುತ್ತದೆ.

ಕೀಲಿ ಬೀಗವೋ ನಂಬರ್ ಬೀಗವೋ ಎಂಬುದು ಅವರವರ ಅಭ್ಯಾಸಕ್ಕೆ ಬಿಟ್ಟದ್ದು. ಕೀಲಿ ಬೀಗವಾದರೆ ಅದರ ಕೀಲಿ ಗಾಡಿಯ ಕೀಲಿಯ ಗೊಂಚಲಿನಲ್ಲಿಯೇ ಇರಲಿ. ನಂಬರ್ ಬೀಗದವರು ಎರಡು ಸಂಗತಿ ಗಮನಿಸಬೇಕು. ಮೊದಲನೆಯದಾಗಿ, ನೆನಪಿಗೆ ಸುಲಭವೆಂದು ಗಾಡಿಯ ನೋಂದಣಿ ಸಂಖ್ಯೆಯನ್ನೇ ಬೀಗಕ್ಕೆ ಇಡುವವರಿದ್ದಾರೆ. ಬೀಗದಿಂದ ಒಂದು ಗೇಣು ಕೆಳಗೆ ನಂಬರ್ ಪ್ಲೇಟಿನಲ್ಲಿ ಉತ್ತರ ಬರೆದಿಟ್ಟಂತಾಗುತ್ತದೆ. ಎರಡನೆಯದಾಗಿ, ಅವಸರದಲ್ಲಿ ಬೀಗದ ಅಂಕಿಯ ಗಾಲಿಗಳಲ್ಲಿ ಕೊನೆಯ ಒಂದನ್ನೇ ತುಸು ತಿರುಗಿಸಿ ಬಿಟ್ಟರೆ, ಬೀಗ ತೆರೆಯಲು ಅದೊಂದನ್ನು ಹಿಂದಕ್ಕೆ ತಿರುಗಿಸಿದರೆ ಸಾಕು. ಎಲ್ಲ ಗಾಲಿಗಳನ್ನೂ ಕದಡಬೇಕು.

ನಮ್ಮ ಭಾಗದ ಧೂಳು ಬೀಗಗಳಿಗೆ ದೊಡ್ಡ ವೈರಿ. ಗಾಲಿಗಳು ಬಿಗಿಯಾದಾಗ ಎಂಜಿನ್ ಆಯಿಲ್ ಬಿಡುವುದು ರೂಢಿ, ಆದರೆ ಎಣ್ಣೆ ಧೂಳನ್ನು ಹಿಡಿದು ಕೆಲವೇ ವಾರಗಳಲ್ಲಿ ಕೆಸರಾಗುತ್ತದೆ. ಪೆನ್ಸಿಲ್‌ನ ಮೊನೆಯನ್ನು ಕೆರೆದು ಆ ಕಪ್ಪು ಪುಡಿಯನ್ನು ಸಂದಿಗೆ ಉದುರಿಸಿ ನಾಲ್ಕಾರು ಸಲ ತಿರುಗಿಸಿದರೆ ಬೀಗ ಎಣ್ಣೆಯಿಲ್ಲದೆಯೇ ಸರಾಗವಾಗುತ್ತದೆ.

ಕಟ್ಟುವ ಕ್ರಮ

ಮೊದಲು ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಸೈಡ್ ಸ್ಟ್ಯಾಂಡ್ ಹಾಕಿದ ಗಾಡಿ ಎಡಕ್ಕೆ ವಾಲುವುದರಿಂದ ಸೀಟಿನ ಮೇಲಿಟ್ಟದ್ದು ಎಡಕ್ಕೇ ಜಾರುತ್ತದೆ. ಆಷಾಢದ ಗಾಳಿ ಬೀಸುವ ದಿನಗಳಲ್ಲಿ ಗಾಡಿಯೇ ಉರುಳುವುದೂ ಉಂಟು. ಜಾಗವಿಲ್ಲದೆ ಸೈಡ್ ಸ್ಟ್ಯಾಂಡ್ ಹಾಕಲೇಬೇಕಾದರೆ ತಂತಿಯನ್ನು ಆದಷ್ಟು ಗಿಡ್ಡಗೆ ಕಟ್ಟಬೇಕು.

ಆಮೇಲೆ ಹೆಲ್ಮೆಟ್‌ನ ಗಾಜನ್ನು ಪೂರ್ತಿ ಮೇಲೆತ್ತಿ, ತಂತಿಯ ಒಂದು ತುದಿಯನ್ನು ಕಿಂಡಿಯಿಂದ ಒಳಗೆ ಹಾಕಿ ಕೆಳಗಿನಿಂದ ಹೊರಗೆಳೆದುಕೊಳ್ಳಿ. ಈ ತುದಿಯನ್ನು ಹಿಂಬದಿ ಸವಾರರು ಹಿಡಿದುಕೊಳ್ಳುವ ಹಿಡಿಕೆಯ ಸುತ್ತ, ಅದು ಗಾಡಿಗೆ ಕೂಡಿರುವ ಎರಡು ಬೋಲ್ಟ್‌ಗಳ ನಡುವೆ ಹಾಯಿಸಿ ಬೀಗ ಹಾಕಿ. ಹೆಲ್ಮೆಟ್ ಹಿಂದಿನ ಸೀಟಿನ ಮೇಲೆ ಬಾಯಿ ಕೆಳಗಾಗಿ ಕುಳಿತಿರಲಿ. ಹೀಗೆ ಕುಳಿತ ಹೆಲ್ಮೆಟ್‌ನೊಳಗೆ ಮಳೆನೀರು ತುಂಬುವುದಿಲ್ಲ, ಹಕ್ಕಿಯ ಹಿಕ್ಕೆ ಬೀಳುವುದಿಲ್ಲ.

ಹಿಡಿಕೆಯ ಆಕಾರ ತಂತಿ ಹಾಯಿಸಲು ಅನುಕೂಲವಿಲ್ಲದಿದ್ದರೆ ಸಾರಿ ಗಾರ್ಡ್ ಒಳ್ಳೆಯ ಆಸರೆ. ಹಿಂದಿನ ಸವಾರರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಅರ್ಧ ಚಕ್ರವನ್ನಾದರೂ ಮರೆಮಾಡುವ ರಕ್ಷಣೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುವುದರಿಂದ ಸಾಮಾನ್ಯ ಬೈಕುಗಳಲ್ಲಿ ಅದು ಇದ್ದೇ ಇರುತ್ತದೆ. ಸಾರಿ ಗಾರ್ಡ್ ಎಡಗಡೆಗಿರುತ್ತದೆ, ಸೈಲೆನ್ಸರ್ ಬಹುತೇಕ ಗಾಡಿಗಳಲ್ಲಿ ಬಲಗಡೆಗೆ. ಆದ್ದರಿಂದ ಹೆಲ್ಮೆಟ್ ತಾನಾಗಿಯೇ ಬಿಸಿಯಿಂದ ದೂರ ಉಳಿಯುತ್ತದೆ. ಆದರೆ ಅಲ್ಲಿ ತೂಗುಬಿಟ್ಟದ್ದನ್ನು ಮರೆತು ಗಾಡಿ ಓಡಿಸಿದರೆ ತಂತಿಯೂ ಹೆಲ್ಮೆಟ್ಟೂ ಚಕ್ರಕ್ಕೆ ಸಿಲುಕುವ ಅಪಾಯವಿದೆ. ಸಾರಿ ಗಾರ್ಡ್‌ಗೆ ಕಟ್ಟಿದರೂ ತಂತಿಯನ್ನು ಮೇಲಕ್ಕೆ ತಂದು ಹೆಲ್ಮೆಟ್ಟನ್ನು ಸವಾರ ಕೂರುವ ಜಾಗದಲ್ಲಿ ಇಟ್ಟರೆ ಅದನ್ನು ತೆಗೆಯದೆ ಕೂರಲು ಬರುವುದಿಲ್ಲ.

ಮಿರರ್‌ನ ಕಡ್ಡಿಗೆ ಬೀಗ ಹಾಕುವುದು ಬೇಡ, ಅದು ಒಂದು ಪಾನಾಕ್ಕೆ ಕಳಚಿ ಬರುತ್ತದೆ. ನಂಬರ್ ಪ್ಲೇಟ್, ಇಂಡಿಕೇಟರ್‌ನ ಕಡ್ಡಿಗಳಿಗೂ ಇದೇ ಮಾತು. ಮುಂದಿನ ಕ್ರ್ಯಾಶ್ ಗಾರ್ಡ್ ಗಟ್ಟಿಯಾದರೂ ಎಂಜಿನ್ನಿಗೆ ಹತ್ತಿರ ಮತ್ತು ನೆಲಕ್ಕೆ ತಗ್ಗು. ಬೀದಿ ನಾಯಿಗಳು ಅಷ್ಟು ಎತ್ತರದ ವಸ್ತುವನ್ನು ಏನೆಂದು ಬಗೆಯುತ್ತವೆ ಎಂಬುದನ್ನು ವಿವರಿಸಬೇಕಿಲ್ಲ.

ಎರಡು ಹೆಲ್ಮೆಟ್‌ಗಳಿದ್ದರೆ ಒಂದೇ ತಂತಿಯನ್ನು ಎರಡರ ಕಮಾನಿನಲ್ಲಿಯೂ ಹಾಯಿಸಿ, ನಡುವೆ ಒಂದು ಕರವಸ್ತ್ರವನ್ನಾದರೂ ಇಡಿ.

ಥರ್ಮೋಕೋಲಿನ ಮೂರು ಶತ್ರುಗಳು

ಕಳ್ಳನಿಂದ ಉಳಿಸಲು ಹೋಗಿ ಹೆಲ್ಮೆಟ್ಟನ್ನೇ ಕೆಡಿಸಿಕೊಳ್ಳಬಾರದು. ಹೊರಚಿಪ್ಪಿಗೂ ಒಳಗಿನ ಮೆತ್ತೆಗೂ ನಡುವೆ ಇರುವ ಥರ್ಮೋಕೋಲ್ ಪದರವೇ ಬಿದ್ದಾಗ ತಾನು ಜಜ್ಜಿಹೋಗಿ ತಲೆಯ ಮೇಲಿನ ಪೆಟ್ಟನ್ನು ತಗ್ಗಿಸುವುದು. ಒಮ್ಮೆ ಜಜ್ಜಿದ ಭಾಗ ಮತ್ತೆ ಉಬ್ಬುವುದಿಲ್ಲ. ಮಿರರ್‌ನ ಮೇಲೆ ದಿನವೂ ಹೆಲ್ಮೆಟ್ ಕವುಚಿಟ್ಟರೆ ಆ ಮೊನಚು ಅಂಚು ಒಂದೇ ಜಾಗವನ್ನು ಒತ್ತುತ್ತ ಹೋಗುತ್ತದೆ. ಬಟ್ಟೆಯ ಮೆತ್ತೆಯನ್ನು ಬಿಚ್ಚಿ ಬೆರಳಾಡಿಸಿದರೆ ಅಲ್ಲಿ ತಗ್ಗು ಬಿದ್ದಿರುವುದು ತಿಳಿಯುತ್ತದೆ.

ಎರಡನೆಯ ಶತ್ರು ಪೆಟ್ರೋಲ್. ಟಿವಿಯ ಡಬ್ಬಿಯಲ್ಲಿ ಬಂದ ಥರ್ಮೋಕೋಲಿನ ಚೂರಿನ ಮೇಲೆ ಒಂದು ಹನಿ ಪೆಟ್ರೋಲ್ ಬಿದ್ದರೆ ಆ ಜಾಗ ಕುಗ್ಗಿ ಅಂಟಾಗಿ ರಂಧ್ರ ಬೀಳುವುದನ್ನು ಕಣ್ಣಾರೆ ಕಾಣಬಹುದು. ಹೆಲ್ಮೆಟ್‌ನೊಳಗಿನದೂ ಅದೇ ವಸ್ತು. ಆದ್ದರಿಂದ ಬಂಕ್‌ನಲ್ಲಿ ಟ್ಯಾಂಕ್ ತುಂಬಿಸಿ ಮುಚ್ಚಳದ ಸುತ್ತ ಹಸಿಯಿರುವಾಗ ಅದರ ಮೇಲೆ ಹೆಲ್ಮೆಟ್ ಕವುಚಬಾರದು. ಬಣ್ಣ, ಥಿನ್ನರ್‌ಗಳು ಹೊರಚಿಪ್ಪಿನ ಪ್ಲಾಸ್ಟಿಕ್ಕನ್ನೂ ದುರ್ಬಲಗೊಳಿಸಬಲ್ಲವು. ಗುರುತಿಗೆ ಹೆಸರು ಬರೆಯುವವರು ಚಿಪ್ಪಿನ ಮೇಲೆ ಬಣ್ಣ ಬಳಿಯದೆ, ಒಳಗಿನ ಬಟ್ಟೆಯ ಅಂಚಿನಲ್ಲಿ ಬರೆಯಲಿ. ಟ್ಯೂಷನ್ ಕ್ಲಾಸುಗಳ ಮುಂದೆ ಒಂದೇ ಬಗೆಯ ಕಪ್ಪು ಹೆಲ್ಮೆಟ್‌ಗಳು ಅದಲುಬದಲಾಗುವುದನ್ನು ಈ ಗುರುತು ತಪ್ಪಿಸುತ್ತದೆ.

ಇನ್ನು ಬಿಸಿ. ಥರ್ಮೋಕೋಲ್ ಮೆತ್ತಗಾಗುವುದು 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ; ಓಡಿ ಬಂದು ನಿಂತ ಗಾಡಿಯ ಸೈಲೆನ್ಸರ್ ಅದನ್ನು ಸುಲಭವಾಗಿ ಮೀರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ತಾಪಮಾನ 40 ಡಿಗ್ರಿ ದಾಟುತ್ತದೆ. ಬಿಸಿಲು ಹೆಲ್ಮೆಟ್ಟನ್ನು ಕರಗಿಸುವುದಿಲ್ಲವಾದರೂ, ವರ್ಷಗಟ್ಟಲೆ ಬಿದ್ದ ಬಿಸಿಲು ಪಟ್ಟಿಯ ನೂಲನ್ನೂ ಗಾಜನ್ನೂ ಮುಪ್ಪಾಗಿಸುತ್ತದೆ. ಬೇವಿನ ಮರದ ನೆರಳು ಸಿಕ್ಕರೆ ನಾಲ್ಕು ಹೆಜ್ಜೆ ಹೆಚ್ಚು ನಡೆದರೂ ಗಾಡಿಯನ್ನು ಅಲ್ಲಿಯೇ ಹಚ್ಚುವುದು ಲೇಸು.

ಹಾಫ್ ಹೆಲ್ಮೆಟ್ ಮತ್ತು ಸ್ಕೂಟರ್

ಹಾಫ್ ಹೆಲ್ಮೆಟ್‌ಗೆ ಗದ್ದದ ಕಮಾನಿಲ್ಲ, ಬೀಗ ಹಾಕಲು ಪಟ್ಟಿಯೊಂದೇ ಗತಿ. ಅದಕ್ಕೆ ಬೀಗ ಹಾಕುವವರು ತಂತಿಯನ್ನು ಬಕಲ್‌ನ ಬಳಿ ಹಾಯಿಸದೆ, ಕಿವಿಯ ಹತ್ತಿರ ಪಟ್ಟಿ ಎರಡು ಕವಲಾಗಿ ಚಿಪ್ಪಿಗೆ ಸೇರುವ ತ್ರಿಕೋನದಲ್ಲಿ ಹಾಯಿಸಬೇಕು. ಅಲ್ಲಾದರೆ ಬಕಲ್ ಒತ್ತಿ ಬಿಚ್ಚಿಕೊಳ್ಳಲಾಗದು. ಚಾಕುವಿನ ಭಯ ಅಲ್ಲಿಯೂ ತಪ್ಪಿದ್ದಲ್ಲ. ಹಗುರವಾದ ವಸ್ತುವಾದ್ದರಿಂದ ಕೈಯಲ್ಲಿಯೇ ಒಯ್ಯುವುದು ಮೇಲು. ತಲೆಯ ದೃಷ್ಟಿಯಿಂದಲೂ ಫುಲ್ ಫೇಸ್ ಕೊಳ್ಳುವುದು ಮೇಲು. ಕೊಳ್ಳುವಾಗ ಐಎಸ್ 4151 ಎಂಬ ಸಂಖ್ಯೆಯೊಂದಿಗೆ ಐಎಸ್‌ಐ ಗುರುತು ಇರಲೇಬೇಕೆಂಬುದು 2021ರ ಜೂನ್ 1ರಿಂದ ಕಡ್ಡಾಯ.

ಸ್ಕೂಟರ್‌ನವರ ಕೆಲಸ ಸುಲಭ, ಆದರೆ ಡಿಕ್ಕಿಯ ಅಳತೆ ನೋಡಬೇಕು. ಹೋಂಡಾ ಆಕ್ಟಿವಾದ 18 ಲೀಟರ್ ಡಿಕ್ಕಿಯಲ್ಲಿ ದೊಡ್ಡ ಫುಲ್ ಫೇಸ್ ಹೆಲ್ಮೆಟ್ ಕೂರುವುದು ಕಷ್ಟ. ಟಿವಿಎಸ್ ಜುಪಿಟರ್ 125ರಲ್ಲಿ 33 ಲೀಟರ್ ಜಾಗವಿದ್ದು, ಎರಡು ಹೆಲ್ಮೆಟ್ ಹಿಡಿಯುವಂತೆಯೇ ಅದನ್ನು ರೂಪಿಸಲಾಗಿದೆ. ಸೀಟನ್ನು ಒತ್ತಿ ಒತ್ತಿ ಮುಚ್ಚಬೇಕಾದರೆ ಹೆಲ್ಮೆಟ್ ಅಲ್ಲಿಗೆ ಹೊಂದುವುದಿಲ್ಲವೆಂದೇ ತಿಳಿಯಬೇಕು. ಗಾಡಿ ಒರೆಸಿದ ಎಣ್ಣೆ ಬಟ್ಟೆಯನ್ನೂ ಹೆಲ್ಮೆಟ್ಟನ್ನೂ ಒಂದೇ ಡಿಕ್ಕಿಗೆ ತುರುಕಬಾರದು.

ಎಷ್ಟು ಹೊತ್ತಿಗೆ ಎಷ್ಟು ಭದ್ರತೆ

ಚಹಾ ಕುಡಿಯಲು ನಿಂತಲ್ಲಿ, ಗಾಡಿ ಕಣ್ಣೆದುರಿಗೇ ಇದ್ದರೆ ಕೊಂಡಿಗೆ ಸಿಕ್ಕಿಸಿದರೂ ನಡೆಯುತ್ತದೆ. ಗೋಳಗುಮ್ಮಟ ನೋಡಲು ಬಂದವರು ಕಿರಿದಾದ ಮೆಟ್ಟಿಲುಗಳನ್ನು ಹತ್ತಿ ಪಿಸುಮಾತಿನ ಗ್ಯಾಲರಿಯವರೆಗೆ ಹೋಗಿ ಬರುವಷ್ಟರಲ್ಲಿ ತಾಸಿಗೂ ಮಿಕ್ಕಿ ಹೊತ್ತು ಹಿಡಿಯುತ್ತದೆ. ಆ ಮೆಟ್ಟಿಲುಗಳಲ್ಲಿ ಹೆಲ್ಮೆಟ್ ಹಿಡಿದು ಹತ್ತುವುದು ತೊಡಕಾದ್ದರಿಂದ ತಂತಿ ಬೀಗ ಅಲ್ಲಿಗೆ ತಕ್ಕದ್ದು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ನೂಕುನುಗ್ಗಲಿನಲ್ಲಿ ಗಾಡಿಗಳನ್ನು ಎತ್ತಿ ಸರಿಸುವವರೇ ಹೆಚ್ಚು, ಹೀಗಾಗಿ ಹೊರಗೆ ತೂಗುವಂಥದ್ದು ಏನೂ ಇರದಂತೆ ಸೀಟಿನ ಮೇಲೆಯೇ ಬಿಗಿಯಬೇಕು. ಬೆಳಿಗ್ಗೆ ನಿಲ್ದಾಣದ ಬಳಿ ಗಾಡಿ ಬಿಟ್ಟು ಸೋಲಾಪುರಕ್ಕೋ ಬಾಗಲಕೋಟೆಗೋ ಹೋಗಿ ರಾತ್ರಿ ಮರಳುವವರಿಗೆ ಯಾವ ತಂತಿಯ ಮೇಲೂ ಭರವಸೆ ಇಡಿ ಎಂದು ಹೇಳಲಾರೆ, ಏಕೆಂದರೆ ಇಡೀ ದಿನ ಸಿಕ್ಕರೆ ಇಕ್ಕಳವೂ ಸಿಗುತ್ತದೆ. ಅಂಥವರು ಹೆಲ್ಮೆಟ್ಟನ್ನು ಬಟ್ಟೆಯ ಚೀಲದಲ್ಲಿ ಹಾಕಿ ಜೊತೆಗೊಯ್ಯಲಿ, ಇಲ್ಲವೇ ಪರಿಚಯದ ಅಂಗಡಿಯಲ್ಲಿ ಇಡಲಿ.

ಮರಳಿ ಬಂದಾಗ ಬೀಗ ತೆಗೆದ ತಕ್ಷಣ ತಲೆಗೆ ಹಾಕಿಕೊಳ್ಳದೆ ಹೆಲ್ಮೆಟ್ಟನ್ನು ಒಮ್ಮೆ ಮಗುಚಿ ಕೊಡವಿರಿ. ಇರುವೆ, ಜೇಡಗಳಿಗೆ ಅದರೊಳಗಿನ ಕತ್ತಲೆ ಹಿತವಾಗಿರುತ್ತದೆ. ಪಟ್ಟಿಯನ್ನು ಎರಡೂ ಬದಿ ಬೆರಳಿನಿಂದ ಸವರಿ ಕತ್ತರಿಯ ಗುರುತಿಲ್ಲವೆಂದು ನೋಡಿ, ಬಕಲ್ ಹಾಕಿ ಒಮ್ಮೆ ಜಗ್ಗಿ ಪರೀಕ್ಷಿಸಿ. ತಂತಿಯನ್ನು ಸುರುಳಿ ಸುತ್ತಿ ಚೀಲಕ್ಕೋ ಡಿಕ್ಕಿಗೋ ಹಾಕಿ. ಹ್ಯಾಂಡಲ್‌ಗೆ ಸುತ್ತಿಟ್ಟ ತಂತಿ ತಿರುವಿನಲ್ಲಿ ಕ್ಲಚ್, ಬ್ರೇಕ್‌ಗಳ ಹಿಡಿಕೆಗೆ ತೊಡರಬಹುದು.